ಒಂದೇ ಮೈ, ಕೀಲಿಗೊಂದು ಹಣೆಬರಹ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಉಸಿರಿನ ಚಿಂತೆ, ಇಳಿಯುವವರಿಗೆ ಮಂಡಿಯ ಚಿಂತೆ. 1664ರಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಆ ಸಾವಿರ ಮೆಟ್ಟಿಲುಗಳ ಮೇಲೆ ಮೂರೂವರೆ ಶತಮಾನದಲ್ಲಿ ಎಷ್ಟು ಮಂಡಿಗಳು ಮಡಚಿ ಬಿಚ್ಚಿವೆಯೋ! ಆಷಾಢ ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಬೆಟ್ಟದ ಪಾದದ ಹತ್ತಿರ ನಿಂತು ನೋಡಬೇಕು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ, ಅರಿಶಿನ ಬಳಿದು, ಹೆಬ್ಬೆರಳು ಉಂಗುರದ ಬೆರಳು ಸೇರಿಸಿ ಕುಂಕುಮ ಇಟ್ಟು, ಎದ್ದು, ಮತ್ತೆ ಬಗ್ಗುತ್ತಾರೆ. ಭಕ್ತಿಯ ಮಾತು ಹಾಗಿರಲಿ. ಒಂದು ಮೆಟ್ಟಿಲಿಗೆ ಸೊಂಟ ಒಮ್ಮೆ, ಮಂಡಿ ಒಮ್ಮೆ, ಕಾಲಿನ ಹರಡು ಒಮ್ಮೆ, ಬೆರಳಿನ ಗೆಣ್ಣುಗಳು ಒಮ್ಮೆ. ಎಲ್ಲ ಕೀಲುಗಳಿಗೂ ಒಂದೇ ಸಮ ದುಡಿಮೆ.

ಆದರೆ ದೂರು ಒಂದೇ ಸಮ ಬರುವುದಿಲ್ಲ. ಐವತ್ತು ದಾಟಿದ ಹತ್ತು ಜನರನ್ನು ಕೇಳಿ ನೋಡಿ, ಮಂಡಿ ಎನ್ನುವವರು ಆರೇಳು ಜನ ಇರುತ್ತಾರೆ. ಬೆರಳು ಎನ್ನುವವರು ಒಬ್ಬಿಬ್ಬರು, ಸೊಂಟದ ಕೀಲು ಎನ್ನುವವರು ಅಪರೂಪ. ಕಾಲಿನ ಹರಡು ಸವೆದುಹೋಯಿತು ಎಂದು ಹೇಳಿಕೊಂಡವರನ್ನು ನಾನಂತೂ ಕಂಡಿಲ್ಲ. ಇದೇನೂ ಸಣ್ಣ ಸಂಗತಿಯಲ್ಲ. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಮೂರೂವರೆ ಪಟ್ಟು ಭಾರ ಬೀಳುತ್ತದೆ. ಕೃತಕ ಮಂಡಿಯೊಳಗೇ ಅಳತೆಯ ಸಾಧನ ಇಟ್ಟು ಬರ್ಲಿನ್ನಿನ ಸಂಶೋಧಕರು ಕಂಡುಕೊಂಡ ಲೆಕ್ಕ ಇದು. ಹರಡಿನ ಮೇಲೆ ಬೀಳುವ ಭಾರವೂ ಕಮ್ಮಿಯೇನಲ್ಲ. ಹೊರುವ ಜಾಗವೋ ಮಂಡಿಯದಕ್ಕಿಂತ ಚಿಕ್ಕದು, ಅಲ್ಲಿನ ಮೃದ್ವಸ್ಥಿಯ ಪದರವೂ ತೆಳು. ಲೆಕ್ಕದ ಪ್ರಕಾರ ಮೊದಲು ಹಾಳಾಗಬೇಕಾದದ್ದು ಅದು. ಮುರಿತವೋ ದೊಡ್ಡ ಉಳುಕೋ ಆಗದಿದ್ದರೆ ಎಂಬತ್ತರಲ್ಲೂ ಅದು ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿರುತ್ತದೆ.

ಹಾಗಾದರೆ ಸವೆತ ಎಂದರೆ ಬರೀ ಸವೆತವಲ್ಲ. 'ವಯಸ್ಸಾಯ್ತು, ಸವೀತು' ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ, ಉಳಿದರ್ಧ ಎಲ್ಲಿದೆ ಎಂದು ಹುಡುಕುತ್ತ ಹೋದರೆ ನಮ್ಮ ಮೈಯ ಬಗ್ಗೆ ನಮಗಿರುವ ಕಲ್ಪನೆಯೇ ಸ್ವಲ್ಪ ಅಲುಗಾಡುತ್ತದೆ.

ಮೃದ್ವಸ್ಥಿ ಎಂದೆ. ಕೋಳಿಯ ತೊಡೆಮೂಳೆಯ ತುದಿಯಲ್ಲಿ ಬೆಳ್ಳಗೆ ಹೊಳೆಯುವ, ಬೆರಳಿಟ್ಟರೆ ಜಾರುವ ಪದರವನ್ನು ನೋಡಿದವರಿಗೆ ಅದರ ಪರಿಚಯ ಇದೆ. ನಮ್ಮ ಕೀಲುಗಳಲ್ಲಿ ಮೂಳೆಗೆ ಮೂಳೆ ತಾಗದಂತೆ ಕಾಯುವುದು ಅದೇ. ಎರಡು ಮಂಜುಗಡ್ಡೆಗಳನ್ನು ಒಂದಕ್ಕೊಂದು ಉಜ್ಜಿದರೂ ಅಷ್ಟು ನಯವಾಗಿ ಜಾರುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನೀರು. ರಕ್ತನಾಳ ಇಲ್ಲ, ನರ ಇಲ್ಲ. ಜೀವಕೋಶಗಳು ಇರುವುದು ಗಾತ್ರದಲ್ಲಿ ನೂರಕ್ಕೆ ಒಂದೆರಡು ಪಾಲು, ಒಂದೊಂದೂ ತನ್ನ ಪುಟ್ಟ ಗೂಡಿನಲ್ಲಿ ಒಂಟಿ. ನಾವು ನಡೆದಾಗ ಒತ್ತಡಕ್ಕೆ ನೀರು ಹೊರಗೆ ಹಿಂಡಿ, ಕಾಲೆತ್ತಿದಾಗ ಒಳಕ್ಕೆ ಹೀರಿಕೊಳ್ಳುತ್ತದಲ್ಲ, ಆ ಓಡಾಟದಿಂದಲೇ ಆ ಕೋಶಗಳ ಊಟ. ನರವೇ ಇಲ್ಲದ್ದರಿಂದ ಸವೆಯುತ್ತಿರುವಾಗ ಅದು ಸುದ್ದಿ ಹೇಳುವುದಿಲ್ಲ. ನೋವು ಶುರುವಾಯಿತೆಂದರೆ ಅಕ್ಕಪಕ್ಕದ ಮೂಳೆಯೋ ಕೀಲಿನ ಪೊರೆಯೋ ಕೂಗಿಕೊಂಡಿದೆ ಎಂದರ್ಥ. ಅಷ್ಟರಲ್ಲಿ ಬಹಳ ತಡವಾಗಿರುತ್ತದೆ. ಒಮ್ಮೆ ಹಾಳಾದ ಮೃದ್ವಸ್ಥಿ ಮರಳಿ ಬರುವುದಿಲ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿಟ್ಟ. ಆ ಮಾತನ್ನು ಇವತ್ತಿಗೂ ಪೂರ್ತಿ ಸುಳ್ಳು ಮಾಡಲು ಆಗಿಲ್ಲ.

ಇದಕ್ಕೆ ಕಾರಣ ಹುಡುಕಿದ ಬಗೆ ಇನ್ನೂ ಸೋಜಿಗದ್ದು. 1950, 60ರ ದಶಕಗಳಲ್ಲಿ ಅಮೆರಿಕ, ರಷ್ಯಾಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಹೆಚ್ಚುಕಮ್ಮಿ ಎರಡರಷ್ಟಾಯಿತು. ಗಾಳಿಯಿಂದ ಪೈರಿಗೆ, ಪೈರಿನಿಂದ ಅನ್ನಕ್ಕೆ, ಅನ್ನದಿಂದ ಮೈಗೆ ಅದು ಬಂತು. ಯಾವ ಅಂಗಾಂಶದಲ್ಲಿ ಎಷ್ಟಿದೆ ಎಂದು ಅಳೆದರೆ ಆ ಅಂಗಾಂಶ ಯಾವ ಕಾಲದಲ್ಲಿ ಹೆಣೆದದ್ದು ಎಂದು ಗೊತ್ತಾಗುತ್ತದೆ. ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಮಂಡಿಯ ಮೃದ್ವಸ್ಥಿಯನ್ನು ಹೀಗೆ ಅಳೆದು ನೋಡಿದರು. ಅದರ ಕೊಲಾಜನ್ ಎಳೆಗಳು ಹುಡುಗಾಟದ ವಯಸ್ಸಿನಲ್ಲೇ ಹೆಣೆದು ಮುಗಿದಿರುತ್ತವೆ, ದೊಡ್ಡವರಾದ ಮೇಲೆ ಬದಲಾಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ಅಂದರೆ ಅರವತ್ತರ ದಶಕದಲ್ಲಿ ಮೈಸೂರಿನಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದ ನಮ್ಮ ದೊಡ್ಡಮ್ಮನ ಮಂಡಿಯಲ್ಲಿ ಆ ಬಾಂಬುಗಳ ಇಂಗಾಲ ಇವತ್ತಿಗೂ ಕೂತಿದೆ. ಚರ್ಮ ಎಷ್ಟು ಸಲ ಬದಲಾಯಿತೋ, ರಕ್ತ ಎಷ್ಟು ಸಲ ಹೊಸದಾಯಿತೋ. ಮಂಡಿಯ ಎಳೆ ಮಾತ್ರ ಲಂಗ ತೊಟ್ಟ ಹುಡುಗಿಯದೇ.

ಆ ದೊಡ್ಡಮ್ಮನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, 'ಗ್ಯಾಪ್ ಕಮ್ಮಿಯಾಗಿದೆ ಅಮ್ಮ, ಒಳಗಡೆ ಕಡೆ ಪೂರ್ತಿ ಹೋಗಿದೆ' ಎಂದರು. ದೊಡ್ಡಮ್ಮ ಆಪರೇಷನ್ನಿನ ಖರ್ಚು ಕೇಳಲಿಲ್ಲ. 'ನನ್ ಮಗಳಿಗೂ ಬರುತ್ತಾ ಡಾಕ್ಟ್ರೇ?' ಎಂದರು.

'ನಿಮ್ಮ ತಾಯಿಗೆ ಇತ್ತಾ?'

'ಅವರಿಗೆ ಮಂಡಿ ಕಲ್ಲು ಇದ್ದಹಾಗಿತ್ತು. ಬೆರಳು ಸೊಟ್ಟಗಾಗಿತ್ತು, ಅಷ್ಟೆ. ನನ್ನ ತಂಗಿಗೂ ಬೆರಳೇ.'

ಡಾಕ್ಟರು ತಲೆಯಾಡಿಸಿ ಬರೆಯತೊಡಗಿದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಅವರನ್ನೇನೂ ಅನ್ನುವಂತಿಲ್ಲ. ಅಜ್ಜಿಯ ಆ ಬೆರಳುಗಳು ನನಗೆ ಚೆನ್ನಾಗಿ ನೆನಪಿವೆ. ತುದಿಯ ಗೆಣ್ಣಿನ ಎರಡೂ ಪಕ್ಕ ಬಟಾಣಿ ಗಾತ್ರದ ಗಟ್ಟಿ ಗಂಟು, ಅಲ್ಲಿಂದ ಮುಂದಕ್ಕೆ ಉಗುರು ಓರೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟಿ ಮಾರುವ ವಯಸ್ಸಾದ ಹೆಂಗಸರ ಕೈಯನ್ನು ಗಮನಿಸಿ. ಬಾಳೆನಾರನ್ನು ಎರಡು ಬೆರಳಿಗೆ ಸುತ್ತಿ, ನಾಲ್ಕು ಮೊಗ್ಗು ಇಟ್ಟು, ಎಳೆದು ಗಂಟು ಹಾಕುವ ವೇಗ ಎಲ್ಲರಿಗೂ ಒಂದೇ. ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರ ಗೆಣ್ಣು ಗಂಟುಗಂಟು, ಇನ್ನೊಬ್ಬರದು ನೆಟ್ಟಗೆ. ಇಬ್ಬರೂ ಕಟ್ಟಿದ ಹೂವಿನ ಮಾರು ಹೆಚ್ಚುಕಮ್ಮಿ ಅಷ್ಟೇ ಇರಬಹುದು. ಈ ಗಂಟುಗಳನ್ನು ಮೊದಲು ಸರಿಯಾಗಿ ಬಣ್ಣಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಹೆಸರೇ ಅವಕ್ಕೆ ನಿಂತಿದೆ. ಅಮೆರಿಕದ ರಾಬರ್ಟ್ ಸ್ಟೆಚರ್ 1941ರಲ್ಲಿ ಮನೆತನಗಳ ಲೆಕ್ಕ ತೆಗೆದಾಗ, ಗಂಟು ಇದ್ದ ಹೆಂಗಸರ ತಾಯಂದಿರಲ್ಲಿ ಅದು ಉಳಿದವರಿಗಿಂತ ಎರಡರಷ್ಟು, ಅಕ್ಕತಂಗಿಯರಲ್ಲಿ ಮೂರರಷ್ಟು ಕಂಡಿತು. 1996ರಲ್ಲಿ ಲಂಡನ್ನಿನಲ್ಲಿ ಅವಳಿ ಹೆಂಗಸರ ಕೈ ಮತ್ತು ಮಂಡಿಯ ಎಕ್ಸ್‌ರೇಗಳನ್ನು ಹೋಲಿಸಿ ನೋಡಿದವರು, ಈ ಸವೆತದಲ್ಲಿ ಕಾಣುವ ವ್ಯತ್ಯಾಸದ ನೂರಕ್ಕೆ 39ರಿಂದ 65 ಪಾಲು ಹುಟ್ಟಿನಿಂದ ಬಂದದ್ದು ಎಂದು ಹೇಳಿದರು.

ಹುಟ್ಟಿನಿಂದ ಬಂದದ್ದು, ಸರಿ. ಆದರೆ ಹುಟ್ಟಿನಿಂದ ಬಂದ ಡಿಎನ್‌ಎ ಬೆರಳಿನ ಕೋಶದಲ್ಲೂ ಮಂಡಿಯ ಕೋಶದಲ್ಲೂ ಅಕ್ಷರಶಃ ಒಂದೇ. ಅಜ್ಜಿಯ ಕೈಯನ್ನು ಸೊಟ್ಟ ಮಾಡಿದ ಬರಹ ಅವರ ಮಂಡಿಯಲ್ಲೂ ಇತ್ತು. ಅಲ್ಲಿ ಅದು ಯಾಕೆ ಸುಮ್ಮನಿತ್ತು?

ಇದಕ್ಕೆ ಉತ್ತರ ಬಸುರಿನ ಆರೇಳನೆಯ ವಾರದಿಂದ ಶುರುವಾಗಬೇಕು. ಆಗ ಕೈಕಾಲಿನ ಮೊಳಕೆಯಲ್ಲಿ ಕೀಲು ಎಂಬುದೇ ಇರುವುದಿಲ್ಲ. ತೊಡೆಯಿಂದ ಪಾದದ ಕಡೆಗೆ ಒಂದೇ ಮೃದ್ವಸ್ಥಿಯ ಕಡ್ಡಿ, ಮುಂದೆ ಕವಲು. ಎರಡು ಮೂಳೆಗಳನ್ನು ತಂದು ಜೋಡಿಸಿ ಕೀಲು ಮಾಡುವುದಲ್ಲ, ಒಂದನ್ನೇ ಬಿಡಿಸಿ ಎರಡು ಮಾಡುವುದು. ಎಲ್ಲಿ ಬಿಡಿಸಬೇಕೋ ಅಲ್ಲಿ ಕೋಶಗಳ ಒಂದು ಪಟ್ಟಿ ಮೊದಲು ಒತ್ತಾಗುತ್ತದೆ. ಆ ಪಟ್ಟಿಯಲ್ಲಿ ಎಚ್ಚರಗೊಳ್ಳುವ ಮೊದಮೊದಲಿನ ವಂಶವಾಹಿಗಳಲ್ಲಿ ಜಿಡಿಎಫ್-5 ಒಂದು. ಬಿರುಕು ಬಿಟ್ಟ ಮೇಲೆ ಅದು ಟೊಳ್ಳಾಗಿ, ನಯವಾಗಿ, ಒಂದು ಕಡೆ ಗುಂಡು ಒಂದು ಕಡೆ ಬಟ್ಟಲು ಎಂಬ ಆಕಾರ ಬರಬೇಕಾದರೆ ಭ್ರೂಣ ಅಲುಗಾಡಬೇಕು. ಮೊಟ್ಟೆಯೊಳಗಿನ ಕೋಳಿಮರಿಗೆ ಮದ್ದು ಕೊಟ್ಟು ಅಲುಗಾಡದಂತೆ ಮಾಡಿದಾಗ ಕೀಲುಗಳು ಬಿಡಿಸಿಕೊಳ್ಳದೆ ಬೆಸೆದೇ ಉಳಿದವು. ತಾಯಿಗೆ ಮಗುವಿನ ಮೊದಲ ಒದೆತ ತಿಳಿಯುವ ಎಷ್ಟೋ ವಾರ ಮೊದಲೇ, ಯಾರಿಗೂ ಗೊತ್ತಾಗದ ಹಾಗೆ ಮಿಸುಕಾಡುತ್ತ ಅದು ತನ್ನ ಮಂಡಿಯನ್ನು ತಾನೇ ಕಡೆದುಕೊಳ್ಳುತ್ತಿರುತ್ತದೆ.

ಜಪಾನಿನ ರಿಕೆನ್ ಸಂಸ್ಥೆಯವರು 2007ರಲ್ಲಿ ಈ ಜಿಡಿಎಫ್-5ನ ಒಂದಕ್ಷರದ ವ್ಯತ್ಯಾಸಕ್ಕೂ ಸೊಂಟದ ಕೀಲಿನ ಸವೆತಕ್ಕೂ ನಂಟು ಕಂಡರು. ಅಚ್ಚರಿ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ ಡೇವಿಡ್ ಕಿಂಗ್ಸ್ಲೆ, ಟೆರೆನ್ಸ್ ಕೆಪೆಲಿನಿ ಮತ್ತು ಅವರ ಸಂಗಡಿಗರು ಆ ವಂಶವಾಹಿಯ ಆಚೀಚೆ ಉದ್ದಕ್ಕೆ ಚಾಚಿಕೊಂಡಿರುವ ಡಿಎನ್‌ಎಯನ್ನು ತುಂಡುತುಂಡಾಗಿ ಪರೀಕ್ಷಿಸಿದರು. ಹಳೆಯ ವಠಾರದಲ್ಲಿ ಒಂದೇ ಮೀಟರಿನಿಂದ ಒಂದೊಂದು ಕೋಣೆಗೂ ಬೇರೆ ಸ್ವಿಚ್ಚು ಎಳೆದಿರುತ್ತಾರಲ್ಲ, ಹಾಗೆ ಒಂದೇ ವಂಶವಾಹಿಗೆ ಹಲವು ಗುಂಡಿಗಳು. ಮಂಡಿಯಲ್ಲಿ ಅದನ್ನು ಹೊತ್ತಿಸುವ ಗುಂಡಿ ಒಂದು, ಸೊಂಟದಲ್ಲಿ ಹೊತ್ತಿಸುವುದು ಬೇರೆ. ಇಲಿಯಲ್ಲಿ ಮಂಡಿಯ ಗುಂಡಿಯನ್ನಷ್ಟೇ ಕಿತ್ತರೆ ಮಂಡಿಯ ಆಕಾರ ಸೂಕ್ಷ್ಮವಾಗಿ ಬದಲಾಗುತ್ತದೆ, ವಯಸ್ಸಾದಂತೆ ಆ ಮಂಡಿ ಸವೆಯುತ್ತದೆ. ಇಂಥ ಗುಂಡಿಯಲ್ಲಿ ಒಂದಕ್ಷರ ಆಚೀಚೆಯಾಗಿ ಹುಟ್ಟಿದವರಿಗೆ ಮಂಡಿಯ ಗುಂಡು ಒಂದು ಕೂದಲೆಳೆ ಅಗಲವೋ ಕಿರಿದೋ ಆದೀತು. ಇಪ್ಪತ್ತರಲ್ಲಿ ಅದು ಯಾರಿಗೂ ಕಾಣದು. ಅರವತ್ತರಲ್ಲಿ ಕಾಣುತ್ತದೆ.

ಇಷ್ಟೇ ಅಲ್ಲ, ಕೋಶಗಳಿಗೆ ತಾವು ಎಲ್ಲಿದ್ದೇವೆ ಎಂಬ ನೆನಪೂ ಇದೆ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಆಪರೇಷನ್ ಮಾಡಿ ತೆಗೆದ ಸೊಂಟದ ಮತ್ತು ಮಂಡಿಯ ಮೃದ್ವಸ್ಥಿಗಳನ್ನು ಪಕ್ಕಪಕ್ಕ ಇಟ್ಟು ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಓದಿದರು. ಗುರುತುಗಳನ್ನು ನೋಡಿಯೇ ಇದು ಸೊಂಟದ್ದು, ಇದು ಮಂಡಿಯದು ಎಂದು ಬೇರ್ಪಡಿಸುವಷ್ಟು ವ್ಯತ್ಯಾಸ ಇತ್ತು. ಆ ವ್ಯತ್ಯಾಸ ಹೆಚ್ಚಾಗಿ ಕಂಡದ್ದು, ಭ್ರೂಣದಲ್ಲಿ ತಲೆ ಎಲ್ಲಿ ಬುಡ ಎಲ್ಲಿ ಎಂದು ಗೊತ್ತುಮಾಡುವ ಹಾಕ್ಸ್ ಗುಂಪಿನಂಥ ವಂಶವಾಹಿಗಳಲ್ಲಿ. ಎಪ್ಪತ್ತು ವರ್ಷ ತೇಯ್ದು, ನೋಯಿಸಿ, ಕೊನೆಗೆ ಕತ್ತರಿಸಿ ತಟ್ಟೆಗೆ ಹಾಕಿದ ಮೇಲೂ ಆ ಕೋಶಕ್ಕೆ ತನ್ನ ಊರು ಮರೆತಿರಲಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಮತ್ತೆ ಮತ್ತೆ ಮನಸ್ಸು ನಿಲ್ಲುವುದು ಇಲ್ಲಿ. ನಾನು ಎಂದು ನಾವು ಕರೆಯುವುದು ಒಂದೇ ಆಡಳಿತದ ನಾಡು ಅಂದುಕೊಂಡಿದ್ದೇವೆ. ಒಳಗೆ ಪ್ರತಿ ಸೀಮೆಗೂ ಬೇರೆ ದಾಖಲೆ, ಬೇರೆ ಪರಂಪರೆ. ಅಜ್ಜಿಯಿಂದ ದೊಡ್ಡಮ್ಮನಿಗೆ ಬಂದ ಮೈಯಲ್ಲಿ ಬೆರಳು ಒಂದು ಕಡೆಯ ಆಸ್ತಿ, ಮಂಡಿ ಇನ್ನೊಂದು ಕಡೆಯದು.

ಅಂದಹಾಗೆ, ಹುಟ್ಟುವ ಮುಂಚಿನ ಲೆಕ್ಕಗಳು ಐವತ್ತರ ನಂತರ ತೀರುವಳಿಗೆ ಬರುತ್ತವೆ ಎಂಬ ವಿಚಾರಕ್ಕೆ ನಮ್ಮ ಊರಿನದೇ ಒಂದು ಸಾಕ್ಷಿ ಇದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ (ಇಲ್ಲಿನ ಮಂಡಿ ಎಂದರೆ ಸಗಟು ವ್ಯಾಪಾರದ ಮಂಡಿ, ಕಾಲಿನದಲ್ಲ) 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿದ್ದರು. ಆ ರಿಜಿಸ್ಟರು ಹಿಡಿದು, 1934ರಿಂದ 54ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಚಿಕ್ಕದಾಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಅವರು ಕೇಳಿದ್ದು ಹೃದಯದ ಮಾತು, ಕೀಲಿನದಲ್ಲ. ಆದರೆ ಕೇಳುವ ಬಗೆ ಅದೇ.

ಇಷ್ಟು ಹೊತ್ತು ಸೋಜಿಗ ಪಟ್ಟದ್ದಾಯಿತು. ಕರ್ನಾಟಕದಲ್ಲೇ ಇರುವ ಇನ್ನೊಂದು ಕಥೆಯ ಮುಂದೆ ಸೋಜಿಗಪಡಲು ಸಂಕೋಚವಾಗುತ್ತದೆ. ಸಾಗರದ ಹತ್ತಿರ ಹಂದಿಗೋಡು ಎಂಬ ಹಳ್ಳಿ. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೂಲಿ ಕುಟುಂಬಗಳಲ್ಲಿ ಎಳೆಯ ವಯಸ್ಸಿನವರಿಗೇ ಸೊಂಟದ ಕೀಲು ಹಿಡಿದುಕೊಳ್ಳುತ್ತಿರುವುದು ಬೆಳಕಿಗೆ ಬಂತು. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಅದೇ ಕಂಡಿತು. ಸೊಂಟ, ಆಮೇಲೆ ಮಂಡಿ. ಗದ್ದೆಯಲ್ಲಿ ನಾಟಿ ಹಾಕಬೇಕಾದ ವಯಸ್ಸಿನವರು ಕೋಲೂರಿದರು, ಕೆಲವರು ತೆವಳಿದರು. ಕೆಲವು ಮನೆಗಳಲ್ಲಿ ಮೈ ಎತ್ತರವೇ ಕುಗ್ಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, 1977ರಲ್ಲಿ ಮಲೆನಾಡಿನ ಮನೆತನದ ಕೀಲುರೋಗ ಎಂದು ವರದಿ ಬರೆದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಎಂಬ ಮಾತು ಬಹಳ ಕಾಲ ಓಡಾಡಿತು. ಬಡವರು ತಿನ್ನುವುದರ ಮೇಲೆ ಅನುಮಾನ ಪಡುವುದು ಎಲ್ಲರಿಗೂ ಸುಲಭ. ಮನೆತನಗಳ ವಂಶಾವಳಿ ಬರೆದು ನೋಡಿದಾಗ ಬೇರೆಯೇ ಚಿತ್ರ ಬಂತು. ತಂದೆಗೋ ತಾಯಿಗೋ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡು ಹೆಣ್ಣು ಎಂಬ ಭೇದವಿಲ್ಲ. ಮೂಳೆಯ ಬೆಳವಣಿಗೆಯಲ್ಲೇ ಇರುವ ತೊಡಕು ಅದು ಎಂದು 1994ರ ಎಕ್ಸ್‌ರೇ ಅಧ್ಯಯನ ಹೇಳಿತು. ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಅದು ಹಂದಿಗೋಡು ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹೆಸರು ಮಂಗನಕಾಯಿಲೆಗೆ ಅಂಟಿತು, ಆಮೇಲೆ ಹಂದಿಗೋಡು. ಮಲೆನಾಡಿನ ಊರುಗಳು ಜಗತ್ತಿಗೆ ಪರಿಚಯವಾದ ದಾರಿ ಇದು.

ದೊಡ್ಡಮ್ಮನ ಮಂಡಿಯಲ್ಲಿ ನೂರಾರು ಸಣ್ಣಸಣ್ಣ ಒಲವುಗಳು ಸೇರಿ, ತೂಕ, ವಯಸ್ಸು, ಕೆಲಸ ಎಲ್ಲವೂ ಕೈಜೋಡಿಸಿ ಮಾಡಿದ ಕೆಲಸವನ್ನು ಹಂದಿಗೋಡಿನಲ್ಲಿ ಒಂದೇ ದೊಡ್ಡ ತಪ್ಪು ಅವಸರದಿಂದ ಮಾಡಿ ಮುಗಿಸುತ್ತದೆ. ಅಲ್ಲೂ ಅದು ಮೈಯನ್ನೆಲ್ಲ ಸಮನಾಗಿ ಹಿಡಿಯುವುದಿಲ್ಲ, ಮೊದಲು ಹುಡುಕುವುದು ಸೊಂಟವನ್ನೇ.

ಜನಾಂಗಗಳ ನಡುವೆಯೂ ಇದೇ ಪಕ್ಷಪಾತ. ಬೀಜಿಂಗಿನಲ್ಲಿ ಸೊಂಟದ ಕೀಲಿನ ಸವೆತ ಅಮೆರಿಕದ ಬಿಳಿಯರಿಗಿಂತ ನೂರಕ್ಕೆ 80-90ರಷ್ಟು ಕಡಿಮೆ, ಮಂಡಿಯ ಸವೆತ ಮಾತ್ರ ಅಲ್ಲಿನ ಹೆಂಗಸರಲ್ಲೇ ಹೆಚ್ಚು. ನಮ್ಮಲ್ಲೂ ಆಪರೇಷನ್ ಮಾಡಿ ಬದಲಾಯಿಸುವುದು ಹೆಚ್ಚಾಗಿ ಮಂಡಿಯ ಕೀಲನ್ನೇ. ಕುಕ್ಕರಗಾಲಲ್ಲಿ ಕೂರುವುದಕ್ಕೆ ಎಷ್ಟು ಪಾಲು, ಅಜ್ಜ ಮುತ್ತಜ್ಜರಿಗೆ ಎಷ್ಟು ಪಾಲು ಎಂದು ಹಂಚಿ ಹೇಳುವುದು ಕಷ್ಟ.

ಹಳೆಯ ಮಾತೊಂದು ಉಳಿಯಿತು. ಇಷ್ಟು ತೊಂದರೆ ಕೊಡುವ ಬರಹವನ್ನು ಪ್ರಕೃತಿ ಅಳಿಸಿಹಾಕಲಿಲ್ಲ ಏಕೆ? ಜಿಡಿಎಫ್-5ರ ಇನ್ನೊಂದು ಗುಂಡಿಯಲ್ಲಿ ಮೂಳೆಯ ಉದ್ದವನ್ನು ಕೊಂಚ ತಗ್ಗಿಸುವ ಒಂದು ಬಗೆ ಇದೆ. ಯೂರೋಪು, ಏಷ್ಯಾದ ಅರ್ಧದಷ್ಟು ಜನರಲ್ಲಿ ಅದು ಉಂಟು, ನಿಯಾಂಡರ್ತಾಲರಲ್ಲೂ ಇತ್ತು. ಆಫ್ರಿಕ ಬಿಟ್ಟು ಚಳಿಯ ಸೀಮೆಗೆ ಹೋದವರಿಗೆ ಗಿಡ್ಡ ಕೈಕಾಲು ಅನುಕೂಲವಾಗಿ ಅದು ಹಬ್ಬಿರಬಹುದು ಎಂಬುದು ಕಿಂಗ್ಸ್ಲೆ, ಕೆಪೆಲಿನಿಯವರ ಊಹೆ. ಅದರ ಜೊತೆಗೇ ಕೀಲುಸವೆತದ ಅಪಾಯವೂ ಬಂತು. ಮಕ್ಕಳು ಹುಟ್ಟಿ ಬೆಳೆದ ಮೇಲೆ ಬರುವ ನೋವು ಪ್ರಕೃತಿಯ ಲೆಕ್ಕಕ್ಕೆ ಸಿಗುವುದಿಲ್ಲ. ಹಿಮದ ಸೀಮೆಯ ಅನುಕೂಲದ ಬಾಕಿಯನ್ನು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಯಾರೋ ತೀರಿಸುತ್ತಿರಬಹುದು.

ದೊಡ್ಡಮ್ಮನ ಪ್ರಶ್ನೆಗೆ ನೇರ ಉತ್ತರ ಇಲ್ಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಸುಮಾರು ಇಪ್ಪತ್ತು ಲಕ್ಷ ಜನರ ಡಿಎನ್‌ಎ ತಡಕಾಡಿ 962 ಕೊಂಡಿಗಳನ್ನು ಪಟ್ಟಿ ಮಾಡಿತು. ಒಂದೊಂದರ ಬಲವೂ ಚೂರುಪಾರು. ಮಗಳ ಮಂಡಿಯ ಬಗ್ಗೆ ಭವಿಷ್ಯ ನುಡಿಯಲು ಅದರಿಂದ ಆಗದು. ತೂಕ ನೋಡಿಕೊಳ್ಳಲಿ, ತೊಡೆಯ ಸ್ನಾಯು ಗಟ್ಟಿಮಾಡಿಕೊಳ್ಳಲಿ ಎಂದು ಯಾರಾದರೂ ಹೇಳಬಹುದು. ಬೆರಳಿನ ವಿಷಯದಲ್ಲಿ ಮಾತ್ರ ಒಂದು ಸುಳಿವು ದೂರ ಹೋಗಿದೆ. 2014ರಲ್ಲಿ ಐಸ್‌ಲ್ಯಾಂಡಿನವರು ಕೈಬೆರಳ ಸವೆತಕ್ಕೂ ವಿಟಮಿನ್ ಎಯಿಂದ ರೆಟಿನಾಯಿಕ್ ಆಮ್ಲ ತಯಾರಿಸುವ ಒಂದು ವಂಶವಾಹಿಗೂ ನಂಟು ಕಂಡರು. ಆಕ್ಸ್‌ಫರ್ಡಿನವರು ಹೆಬ್ಬೆರಳ ಬುಡದ ಆಪರೇಷನ್‌ನಲ್ಲಿ ಸಿಕ್ಕ ಮೃದ್ವಸ್ಥಿಯನ್ನು ಪರೀಕ್ಷಿಸಿದರು. ಆ ವಂಶವಾಹಿಯ ಅಪಾಯದ ಬಗೆ ಇದ್ದವರಲ್ಲಿ ಅದರ ಕೆಲಸವೇ ಕುಗ್ಗಿತ್ತು. ಇರುವ ಆಮ್ಲವನ್ನು ಕರಗಿಹೋಗದಂತೆ ಹಿಡಿದಿಡುವ ಮದ್ದೊಂದನ್ನು ಈಗ ಪರೀಕ್ಷಿಸುತ್ತಿದ್ದಾರೆ. ಇದೇ ಆಮ್ಲದಲ್ಲಿ ಅದ್ದಿದ ಚೂರೊಂದನ್ನು ವಿಜ್ಞಾನಿ ಷೆರಿಲ್ ಟಿಕಲ್ 1982ರಲ್ಲಿ ಕೋಳಿಭ್ರೂಣದ ರೆಕ್ಕೆಮೊಳಕೆಯ ಮುಂಬದಿಗೆ ಇಟ್ಟಾಗ, ಇರುವ ಬೆರಳುಗಳ ಜೊತೆಗೆ ಕನ್ನಡಿಯ ಬಿಂಬದಂತೆ ಇನ್ನೊಂದು ಸಾಲು ಬೆರಳು ಮೂಡಿತ್ತು. ಬೆರಳನ್ನು ಮೂಡಿಸಬಲ್ಲ ಅದೇ ಅಣು, ಮುಪ್ಪಿನಲ್ಲಿ ಬೆರಳಿಗೇ ಸಾಲದೆ ಬರುತ್ತದೆ.

ಇದನ್ನೆಲ್ಲ ದೊಡ್ಡಮ್ಮನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, 'ವಿಟಮಿನ್ ಎ ಅಂದ್ರೆ ನುಗ್ಗೆಸೊಪ್ಪಲ್ಲೇ ಬೇಕಾದಷ್ಟಿದೆ ಕಣಪ್ಪ, ನಿಮ್ಮ ಚಿಕ್ಕಮ್ಮನಿಗೆ ಹೇಳಲಾ?' ಎಂದರು. ಹೇಳಿ, ಸೊಪ್ಪು ಒಳ್ಳೆಯದೇ. ಆದರೆ ತಿಂದದ್ದನ್ನು ಆಮ್ಲ ಮಾಡಿಕೊಳ್ಳಬೇಕಾದ್ದು ಆ ಗೆಣ್ಣಿನ ಒಳಗಿನ ಒಂಟಿ ಕೋಶ, ಅದು ಎಷ್ಟು ಮಾಡಿಕೊಳ್ಳುತ್ತದೆ ಎಂಬುದು ಸೊಪ್ಪಿನ ಕೈಯಲ್ಲಿಲ್ಲ ಎಂದೆ. 'ಹಾಗಾದ್ರೆ ಬಸ್ಸಾರಿಗೇ ಹಾಕ್ತೀನಿ' ಎಂದು ಗೋಡೆ ಹಿಡಿದು ಎದ್ದರು.